ಇಪ್ಪತ್ತು ಗಂಟಿನ ದಾರ

ಅಕ್ಕೋರ ಬಲಗೈಯ ತೋರುಬೆರಳಿನ ಉಗುರು ಉಳಿದ ಉಗುರುಗಳ ಹಾಗಿರಲಿಲ್ಲ. ಚಪ್ಪಟೆಯಾಗಿ, ತುದಿಯಲ್ಲಿ ತುಸು ಎಡಕ್ಕೆ ವಾಲಿ, ಬಹಳ ವರ್ಷ ಬಳಸಿದ ಸಟ್ಟುಗದ ಅಂಚಿನಂತೆ ಸವೆದಿತ್ತು. ಮೂವತ್ತು ವರ್ಷ ಗ್ಲೋಬಿನ ಮೇಲೆ ದಾರ ಒತ್ತಿ ಹಿಡಿದರೆ ಹೀಗೇ ಆಗುವುದು ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಆ ದಿನ ಬೆಳಿಗ್ಗೆ ನನಗೆ ಆ ಉಗುರು ನೆನಪಾಗಿತ್ತು. ವಿಶೇಷ ಕಾರಣವೇನೂ ಇರಲಿಲ್ಲ. ನಲ್ಲಿಯಲ್ಲಿ ನೀರು ಬರುವಷ್ಟು ಹೊತ್ತು ಕೊಡ ಇಟ್ಟು, ಹಾಲು ಕಾಯಿಸಿ, ನಮ್ಮನೆಯವರಿಗೆ ನಾಲ್ಕು ತೆಳ್ಳೇವು ದೋಸೆ ಹೊಯ್ದು ಕೊಟ್ಟು, ಅವರು ಸೈಕಲ್ ಹತ್ತಿದ ಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಬ್ಬಲಿಗೆ ಹೂ ಕಟ್ಟುತ್ತಿದ್ದೆ. ಬಾಳೆನಾರಿನ ಗಂಟು ಜಗ್ಗಿ ಉಗುರಿನಿಂದ ಒತ್ತುವಾಗ ನನ್ನ ಉಗುರೂ ಹಾಗೇ ಆಗುತ್ತಿದೆಯಲ್ಲ ಎಂದು ನೋಡಿಕೊಂಡೆ. ಆಗ ಫೋನು ಬಂತು. ಕಾನ್ವೆಂಟಿನ ಯಾರೋ ಹೊಸ ಟೀಚರ್.

"ಭೂಗೋಳದ ಟೀಚರ್ ಹೋಗ್ಬಿಟ್ರು ಮೇಡಂ. ಬೆಳಿಗ್ಗೆ ಪೂಜೆಗೆ ಬರ್ಲಿಲ್ಲ ಅಂತ ನೋಡಲಿಕ್ಕೆ ಹೋದ್ರೆ ಮಲಗಿದ ಹಾಗೇ ಇದ್ರು. ಸಂಜೆ ನಾಲ್ಕಕ್ಕೆ ಮಣ್ಣು. ಅವರ ಪುಸ್ತಕದಲ್ಲಿ ನಿಮ್ಮ ನಂಬರು ಮೊದಲನೇದಿತ್ತು."

ನಾನು ಸರಿ ಎಂದೆ. ಮತ್ತೆ ಹೊಸ್ತಿಲಿಗೆ ಬಂದು ಉಳಿದ ಹೂವನ್ನೂ ಕಟ್ಟಿ ಮುಗಿಸಿದೆ. ಬೇರೆ ಕೆಲಸಕ್ಕಾದರೆ ಏಳಬೇಕಾಗುತ್ತಿತ್ತು. ಹೂವಾದರೆ ಕೂತಲ್ಲೇ ಕಟ್ಟುವ ಕೆಲಸ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಶಿರಸಿಯ ಕಾನ್ವೆಂಟಿನಲ್ಲಿ ಅದು ನಡೆಯುತ್ತಿರಲಿಲ್ಲ. ಅಲ್ಲಿ ಎಲ್ಲರೂ ಸಿಸ್ಟರ್, ಇಲ್ಲವೇ ಟೀಚರ್. ಇವರೊಬ್ಬರನ್ನು ಮಾತ್ರ ನಾವು ಅಕ್ಕೋರೆ ಎಂದರೂ ತಿದ್ದುತ್ತಿರಲಿಲ್ಲ. ಸಮುದ್ರದ ಕಡೆಯ ಕ್ರಿಶ್ಚಿಯನ್ ಮನೆತನದವರು, ಮದುವೆಯಾಗಿರಲಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಘಟ್ಟ ಹತ್ತಿ ಶಿರಸಿಗೆ ಬಂದವರು ಮತ್ತೆ ಘಟ್ಟ ಇಳಿದದ್ದು ಅಪ್ಪ ಅಮ್ಮ ತೀರಿಕೊಂಡಾಗ ಮಾತ್ರ. ಅದಕ್ಕೆ ಕಾರಣ ಬಸ್ಸು. ಬಸ್ಸು ಎರಡು ತಿರುವು ತಿರುಗುವಷ್ಟರಲ್ಲಿ ಅವರ ಮುಖ ಬಿಳುಚಿಕೊಳ್ಳುತ್ತಿತ್ತು. ಮೂಗಿಗೆ ಲಿಂಬೆಹಣ್ಣು, ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಕಿಟಕಿಯ ಹತ್ತಿರದ ಸೀಟು. ಇಷ್ಟಿದ್ದರೂ ಸಿದ್ದಾಪುರ ತಲುಪುವಷ್ಟರಲ್ಲಿ ಎರಡು ಸಲ ವಾಂತಿ. ಇಂಥವರು ನಮಗೆ ಇಡೀ ಭೂಮಿ ಸುತ್ತಿಸಿದರು.

ಅವರ ಹತ್ತಿರ ಒಂದು ಬಿಳಿಯ ನೂಲಿನ ದಾರವಿತ್ತು. ಒಂದೂವರೆ ಅಡಿಗಿಂತ ತುಸು ಹೆಚ್ಚು ಉದ್ದ, ಇಪ್ಪತ್ತು ಗಂಟು. ಶಾಲೆಯ ಗ್ಲೋಬಿಗೆ ಅಳತೆ ಮಾಡಿ ಅವರೇ ಹಾಕಿದ ಗಂಟುಗಳು. ಒಂದು ಗಂಟಿನಿಂದ ಇನ್ನೊಂದಕ್ಕೆ ಸಾವಿರ ಕಿಲೋಮೀಟರು. ಒಂದು ತುದಿಯನ್ನು ಈ ಊರಿನ ಮೇಲೆ, ಇನ್ನೊಂದನ್ನು ಆ ಊರಿನ ಮೇಲೆ ಒತ್ತಿ, ಬಿಗಿಯಾಗಿ ಎಳೆದು, ಗಂಟು ಎಣಿಸುವುದು. ನಕ್ಷೆಯಲ್ಲಿ ಸ್ಕೇಲು ಇಟ್ಟು ಗೀಟು ಎಳೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

"ನಕ್ಷೆ ಅಂದ್ರೆ ಕಿತ್ತಳೆ ಸಿಪ್ಪೆ ಬಿಡಿಸಿ ಒತ್ತಿ ಚಪ್ಪಟೆ ಮಾಡಿದ್ದು. ಅದ್ರ ಮೇಲೆ ದೂರ ಅಳೆದ್ರೆ ದೇವರಿಗೆ ನಗು ಬರ್ತದೆ."

ಏಳನೇ ತರಗತಿಯಲ್ಲಿ ಒಬ್ಬಳು ಎದ್ದು ಕೇಳಿದಳು, "ಟೀಚರ್, ಇಪ್ಪತ್ತೇ ಗಂಟು ಯಾಕೆ? ಇನ್ನೂ ದೂರದ ಊರಿದ್ರೆ?"

ಅಕ್ಕೋರು ದಾರವನ್ನು ಗ್ಲೋಬಿಗೆ ಸುತ್ತಿ ತೋರಿಸಿದರು. ಇಪ್ಪತ್ತನೇ ಗಂಟು ಸರಿಯಾಗಿ ಭೂಮಿಯ ಬೆನ್ನಿನ ಆಚೆಗೆ ಕೂತಿತು. "ಅಲ್ಲಿಂದ ಮುಂದೆ ಹೋದ್ರೆ ವಾಪಸ್ ಬಂದ ಹಾಗೇ ಲೆಕ್ಕ. ಇಪ್ಪತ್ತು ಗಂಟಿಗಿಂತ ದೂರದ ಊರನ್ನ ದೇವರು ಮಾಡ್ಲೇ ಇಲ್ಲ ಮಗೂ."

ಈ ಮಾತು ನನಗೆ ಎಷ್ಟೋ ಸಲ ಆಸರೆಯಾಗಿದೆ. ಎಷ್ಟೋ ಸಲ ಸುಳ್ಳೆನಿಸಿಯೂ ಇದೆ.

ವಿಮಾನದ ಹೊತ್ತಿನ ಲೆಕ್ಕ ಶುರುವಾದದ್ದು ಆಮೇಲೆ, ತೊಂಬತ್ತರ ಸುಮಾರಿಗೆ. ನಾನು ಆಗ ಮದುವೆಯಾಗಿ ಶಿರಸಿಯಲ್ಲೇ ಇದ್ದೆ, ಅವರ ಬಾಡಿಗೆ ಮನೆಯಿಂದ ಎರಡು ಓಣಿ ಆಚೆ. ಪೇಟೆಯಿಂದ, ಯಲ್ಲಾಪುರದಿಂದ, ಮುಂಡಗೋಡದಿಂದ ಗಂಡಸರು ಕೊಲ್ಲಿಯ ಊರುಗಳಿಗೆ ಹೋಗುತ್ತಿದ್ದರು. ಡ್ರೈವರ್, ವೆಲ್ಡರ್, ಹೋಟೆಲ್ ಅಡುಗೆಯವರು. ಮನೆಯ ಹೆಂಗಸರಿಗೆ ಬೇಕಾದದ್ದು ಒಂದೇ ಮಾತು. ಈಗ ಎಲ್ಲಿದ್ದಾರೆ, ಎಷ್ಟು ಹೊತ್ತಿಗೆ ಇಳಿಯುತ್ತಾರೆ? ಯಾರೋ ಹೇಳಿದರಂತೆ, ಕಾನ್ವೆಂಟಿನ ಟೀಚರ್ ದಾರ ಹಿಡಿದು ಹೇಳ್ತಾರೆ ಎಂದು. ಶನಿವಾರ ಮಧ್ಯಾಹ್ನ ಅವರ ಜಗಲಿಯಲ್ಲಿ ಚಪ್ಪಲಿಗಳ ಸಾಲು.

ಲೆಕ್ಕ ಸುಲಭದ್ದು. ಗಂಟಿಗೆ ಒಂದೂಕಾಲು ತಾಸು. ಮೇಲೇರಲಿಕ್ಕೂ ಕೆಳಗಿಳಿಯಲಿಕ್ಕೂ ಸೇರಿ ಅರ್ಧ ತಾಸು. ಆಮೇಲೆ ಆ ದೇಶದ ಗಡಿಯಾರಕ್ಕೆ ಹೊಂದಿಸುವುದು. ಮುಂಬಯಿಯಿಂದ ಮಸ್ಕತ್ತಿಗೆ ಒಂದೂವರೆ ಗಂಟಿಗಿಂತ ಸ್ವಲ್ಪ ಹೆಚ್ಚು, ಎರಡೂವರೆ ತಾಸು. "ಅಯ್ಯೋ ಟೀಚರ್, ನಮ್ಮ ಯಲ್ಲಾಪುರ ಬಸ್ಸಿಗೂ ಅಷ್ಟೇ ಹೊತ್ತು ಬೇಕಲ್ರೀ!" ಎಂದು ಒಬ್ಬಾಕೆ ಎದೆ ಮುಟ್ಟಿಕೊಂಡಿದ್ದಳು. "ದಾರೀಲಿ ಲಾರಿ ಅಡ್ಡ ಬಿದ್ರೆ ಮಸ್ಕತ್ತೇ ಹತ್ರ" ಎಂದು ಅಕ್ಕೋರು ಹೇಳಿದಾಗ ಜಗಲಿಯೆಲ್ಲ ನಗು.

ಆ ಯಲ್ಲಾಪುರದವಳ ವಿಷಯದಲ್ಲಿಯೇ ಒಮ್ಮೆ ಅವರ ಲೆಕ್ಕ ತಪ್ಪಿತು. ಮಸ್ಕತ್ತಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಕಳೆಯಬೇಕಾದಲ್ಲಿ ಕೂಡಿಸಿಬಿಟ್ಟಿದ್ದರು. ಸಂಜೆ ಕಸ ಗುಡಿಸುವಾಗ ಹೊಳೆಯಿತಂತೆ. ಮರುದಿನ ಭಾನುವಾರ, ಚರ್ಚಿನ ಪೂಜೆ ಮುಗಿಸಿ, ಲಿಂಬೆಹಣ್ಣು ಹಿಡಿದು ಯಲ್ಲಾಪುರದ ಬಸ್ಸು ಹತ್ತಿದರು. ಆ ಮನೆ ಹುಡುಕಿಕೊಂಡು ಹೋಗಿ, ಬಾಗಿಲಲ್ಲೇ ನಿಂತು, "ನಿನ್ನೆ ನಾನು ತಪ್ಪು ಹೇಳಿದೆ" ಎಂದು ತಿದ್ದಿ, ಒಂದು ಲೋಟ ನೀರು ಕುಡಿದು ವಾಪಸ್ಸು. ಆ ಹೊತ್ತಿಗೆ ಅವಳ ಗಂಡ ಮಸ್ಕತ್ತಿನಲ್ಲಿ ಇಳಿದು ಊಟ ಮಾಡಿ ಮಲಗಿಯೂ ಆಗಿತ್ತು.

"ಮತ್ತೆ ಹೋಗಿ ಏನಾಯ್ತು ಅಕ್ಕೋರೆ?" ಎಂದು ನಾನು ಕೇಳಿದೆ. ಮುಖ ಇನ್ನೂ ಬಿಳುಚಿಕೊಂಡೇ ಇತ್ತು.

"ತಪ್ಪು ಲೆಕ್ಕ ಅವಳ ಮನೆಯಲ್ಲಿ ಉಳೀತದಲ್ಲ ಮಗೂ. ಅದನ್ನು ತರ್ಲಿಕ್ಕೆ ಹೋಗಿದ್ದೆ."

ಇಷ್ಟು ಹೇಳಿದರೆ ಅವರು ಎಂಥವರು ಎಂದು ತಿಳಿಯುತ್ತದೆ. ಮುಂದಿನದು ತಿಳಿಯಬೇಕಾದರೆ ಇದು ತಿಳಿದಿರಬೇಕು.

ನನ್ನ ಅಮ್ಮ, ನಮ್ಮ ಮಾತಿನಲ್ಲಿ ಆಯಿ, ಕೊನೆಯ ಎರಡು ವರ್ಷ ನಮ್ಮ ಜೊತೆಗಿದ್ದಳು. ಓದು ಬರಹ ಇಲ್ಲ, ಆದರೆ ಅಕ್ಕೋರ ಗ್ಲೋಬಿನ ಮೇಲೆ ಬಹಳ ಪ್ರೀತಿ. ಕಾರಣ ನನ್ನ ಅಕ್ಕ. ಭಾವ ಆಫ್ರಿಕದ ಲುಸಾಕಾ ಎಂಬ ಊರಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು, ಅಕ್ಕ ಅಲ್ಲಿಯೇ. ಆಯಿಗೆ ನಾವಿಬ್ಬರೇ ಮಕ್ಕಳು. ಅಕ್ಕೋರು ಶನಿವಾರ ಸಂಜೆ ನಮ್ಮ ಮನೆಗೆ ಬಂದರೆ ಜಗಲಿಯ ಬೆಂಚಿನ ಮೇಲೆ ಕೂರುವುದು. ಆಯಿ ಮಡಿಯವಳು, ಒಳಬಾಗಿಲ ಈಚೆ ಕೂರುತ್ತಿದ್ದಳು. ನಡುವೆ ಹೊಸ್ತಿಲು. ಅಕ್ಕೋರ ಚಹಾಕ್ಕೆ ಬೇರೆ ಲೋಟ, ತೊಳೆದು ಜಗಲಿಯ ಗೂಡಿನಲ್ಲೇ ಇಡುವ ಲೋಟ. ನನಗೆ ನಾಚಿಕೆಯಾಗುತ್ತಿತ್ತು. ಅಕ್ಕೋರು ಅದನ್ನು ತಾವೇ ತೊಳೆದು ತಾವೇ ಇಡುತ್ತಿದ್ದರು.

"ಯಮ್ಮನೆ ಕೂಸಿನ ಊರಿಗೆ ಎಷ್ಟು ಗಂಟು ಅಕ್ಕೋರೆ?" ಪ್ರತಿ ಸಲವೂ ಅದೇ ಪ್ರಶ್ನೆ.

"ಆರು ಗಂಟು, ಮತ್ತೆ ಒಂಚೂರು. ಎಂಟೂಕಾಲು ತಾಸು."

"ಬರೀ ಆರೇ ಅಲ್ದಾ" ಎಂದು ಆಯಿ ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಆಯಿಗೆ ಕಾಲು ಊದಿಕೊಂಡು ಉಸಿರು ಹತ್ತದೆ ಹೋಯಿತು. ಡಾಕ್ಟರು ಮನೆಗೇ ಬಂದು ನೋಡಿ, ಅಂಗಳಕ್ಕೆ ಇಳಿದ ಮೇಲೆ, "ಎರಡು ದಿನ, ಮೂರು ದಿನ. ಕರೆಸೋರು ಇದ್ರೆ ಕರೆಸಿ" ಎಂದರು. ನಮ್ಮಲ್ಲಿ ಆಗ ಫೋನಿರಲಿಲ್ಲ. ಇದ್ದದ್ದು ಆಚೆಮನೆಯಲ್ಲಿ. ಅಲ್ಲಿಯ ಅತ್ತಿಗೆ ಬನವಾಸಿ ಕಡೆಯವರು, ದೊಡ್ಡ ಗಂಟಲು, ದೊಡ್ಡ ಮನಸ್ಸು. ಅವರ ಫೋನಿಗೆ ಸೋಮವಾರ ಅಕ್ಕನ ಕರೆ ಬಂತು. "ನಾಳೆ ಬೆಳಿಗ್ಗೆ ಆರಕ್ಕೆ ಇಲ್ಲಿಂದ ಹೊರಡ್ತೆ ತಂಗಿ" ಎಂದಳು. ಅಷ್ಟರಲ್ಲಿ ಲೈನು ಕಡಿದುಹೋಯಿತು.

ಅಷ್ಟು ಸಾಕಾಗಿತ್ತು ನಮಗೆ. ಅಕ್ಕೋರು ಲೆಕ್ಕ ಹಾಕಿದರು. ಅಲ್ಲಿ ಆರು ಅಂದರೆ ಇಲ್ಲಿ ಒಂಬತ್ತೂವರೆ. ಎಂಟೂಕಾಲು ತಾಸು ಕೂಡಿಸಿದರೆ ಸಂಜೆ ಆರರ ಒಳಗೆ ಮುಂಬಯಿ. ಭಾವನ ತಮ್ಮ ಅಲ್ಲಿ ಕಾರು ಮಾಡಿಸಿ ಇಟ್ಟಿದ್ದಾನೆ. ಬುಧವಾರ ಆಯಿ ಏಳುವ ಹೊತ್ತಿಗೆ ಅಕ್ಕ ಎದುರಿಗಿರುತ್ತಾಳೆ. ಇದನ್ನು ಆಯಿಗೆ ಹೇಳಿದೆವು. ಆಯಿ ಎರಡು ದಿನದ ಮೇಲೆ ಮೊದಲ ಸಲ ನಾಲ್ಕು ಚಮಚ ಗಂಜಿ ಕುಡಿದಳು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕೋರು ಗ್ಲೋಬನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ರಜೆಯ ದಿನಗಳು, ಶಾಲೆಯಿಂದ ಕೇಳಿ ತಂದಿದ್ದರು. ಎಂದಿನಂತೆ ಜಗಲಿಯ ಬೆಂಚಿನ ಮೇಲೆ ಕೂತರು. ಒಳಗಿನಿಂದ ಆಯಿಯ ದನಿ ಕೇಳಿತು, ಸಣ್ಣ ದನಿ. "ಒಳಗೆ ಬನ್ನಿ ಅಕ್ಕೋರೆ. ಅಲ್ಲಿಂದ ಯಂಗೆ ಕಾಣ್ತಿಲ್ಲೆ."

ಅಕ್ಕೋರು ನನ್ನ ಮುಖ ನೋಡಿದರು. ಕಾಲು ತೊಳೆದುಕೊಂಡು ಬಂದು ಹೊಸ್ತಿಲು ದಾಟಿದರು.

ಗ್ಲೋಬನ್ನು ಹಾಸಿಗೆಯ ಮೇಲೆ, ಆಯಿಯ ತೊಡೆಗೆ ತಾಗಿಸಿ ಇಟ್ಟರು. ದಾರದ ಒಂದು ತುದಿಯನ್ನು ಲುಸಾಕಾದ ಮೇಲೆ ಮೇಣದಿಂದ ಅಂಟಿಸಿದರು. ಇನ್ನೊಂದು ತುದಿಯನ್ನು ಮುಂಬಯಿಯ ಮೇಲೆ ಇಟ್ಟು, ಅದರ ಮೇಲೆ ಆಯಿಯ ಹೆಬ್ಬೆರಳು ಒತ್ತಿಸಿದರು. ಮಿಕ್ಕ ದಾರವನ್ನು ಆಯಿಯ ಬೆರಳಿಗೇ ಸುತ್ತಿದರು. "ನೀವು ಇಲ್ಲಿ ಹಿಡ್ಕೊಳ್ಳಿ. ಮಗಳು ಇಳಿಯೂದು ಇಲ್ಲಿಗೇ." ಒಂಬತ್ತೂವರೆಗೆ ತಮ್ಮ ತೋರುಬೆರಳನ್ನು ಲುಸಾಕಾದ ಮೇಲೆ ಇಟ್ಟರು. "ಹೊರಟ್ಲು" ಎಂದರು.

ಆ ಬೆಳಗು ನಮ್ಮ ಮನೆಯಲ್ಲಿ ಒಂದು ಬಗೆಯ ಹಬ್ಬದ ಹಾಗಿತ್ತು ಎಂದರೆ ಯಾರೂ ನಂಬಲಿಕ್ಕಿಲ್ಲ. ಆಚೆಮನೆ ಅತ್ತಿಗೆ ಬಂದು ಇಣುಕಿ, "ಎಲ್ಲೀ ತನಕಾ ಬಂದ್ರು?" ಎಂದು ಕೇಳಿ ಹೋಗುತ್ತಿದ್ದರು. ನಮ್ಮನೆಯವರು ಕೆಲಸದಿಂದ ಅರ್ಧಕ್ಕೇ ಬಂದು ಇಣುಕಿದರು. ಒಂದು ಗಂಟು ದಾಟಿತು. ಒಂದೂವರೆ ಗಂಟಿನ ಹತ್ತಿರ ಆಫ್ರಿಕದ ದಡ. "ಈಗ ಸಮುದ್ರದ ಮೇಲೆ" ಎಂದರು ಅಕ್ಕೋರು. ಆಯಿ ಕಣ್ಣು ಮುಚ್ಚಿಕೊಂಡೇ, "ಕೂಸಿಗೆ ಚಿಕ್ಕಂದಿನಲ್ಲಿ ಹೊಳೆ ದಾಟೂಲೂ ಹೆದ್ರಿಕೆಯಾಗಿತ್ತು" ಎಂದಳು.

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಆಚೆಮನೆಯಿಂದ ಕೂಗಿದರು. ಫೋನು.

ಅಕ್ಕ. ಹಿಂದೆ ಯಾರೋ ಮೈಕಿನಲ್ಲಿ ಏನೋ ಕೂಗುವ ಸದ್ದು. "ತಂಗಿ, ಆನು ನೈರೋಬಿಲಿ ಇದ್ದೆ. ಲುಸಾಕಾದಿಂದ ಸೀದಾ ವಿಮಾನವೇ ಇಲ್ಲೆ. ಇಲ್ಲಿ ಬದಲಿಸವು. ಮುಂಬಯಿಗೆ ವಾರಕ್ಕೆ ಎರಡೇ ದಿನ ಅಡ, ಇನ್ನು ಗುರುವಾರವೇ ಅಡ. ಆಯಿಗೆ ಹೇಳು, ಗುರುವಾರ ಬತ್ತೆ, ಕಾಯವು ಹೇಳು. ಹೇಳ್ತೆ ಅಲ್ದಾ?"

"ಹೇಳ್ತೆ" ಎಂದೆ. ಗುರುವಾರದವರೆಗೆ ಆಯಿ ಕಾಯಬೇಕು ಎಂಬ ಮಾತು ಹೊತ್ತು ಹೊರಟೆ.

ಆಚೆಮನೆಗೂ ನಮ್ಮನೆಗೂ ನಡುವೆ ಇಪ್ಪತ್ತು ಹೆಜ್ಜೆಯಿಲ್ಲ. ಅಷ್ಟರಲ್ಲಿ ನನ್ನ ಮನಸ್ಸು ತೀರ್ಮಾನ ಮಾಡಿತ್ತು. ಆಯಿ ಉಸಿರು ಹಿಡಿದಿದ್ದದ್ದು ಇವತ್ತಿನ ಲೆಕ್ಕಕ್ಕೆ. ಗುರುವಾರ ಎಂದರೆ ಆ ಕ್ಷಣವೇ ಕೈಬಿಟ್ಟಾಳು ಎಂದು ನನಗೆ ಅನಿಸಿತು. ಅಕ್ಕೋರನ್ನು ಜಗಲಿಗೆ ಕರೆದು ಪಿಸುಮಾತಿನಲ್ಲಿ ಎಲ್ಲ ಹೇಳಿದೆ.

ಅವರು ಬೆಂಚಿನ ಮೇಲೆ ಕೂತರು. ಬಸ್ಸಿನಲ್ಲಿ ಬಿಳುಚಿಕೊಳ್ಳುವ ಹಾಗೆ ಮುಖ ಬಿಳುಚಿತ್ತು. "ದೂರ ಅಳೆದೆ. ವಿಮಾನ ದಿನಾ ಹೋಗ್ತದಾ ಇಲ್ವಾ ಅಂತ ಕೇಳ್ಲೇ ಇಲ್ಲ. ದಾರ ಸೀದಾ ಹೋಗ್ತದೆ, ವಿಮಾನ ಹೋಗೂದಿಲ್ಲ. ಇದು ನಂಗೆ ಹೊಳೀಲಿಲ್ಲ ನೋಡು." ಆಮೇಲೆ ಎದ್ದರು. "ನಾನೇ ಹೇಳ್ತೇನೆ. ಲೆಕ್ಕ ತಪ್ಪಿದ್ದು ನಾನು, ತಿದ್ದೂದೂ ನಾನೇ."

ನಾನು ಅವರ ಕೈ ಹಿಡಿದೆ. "ತಿದ್ದಬೇಡಿ ಅಕ್ಕೋರೆ. ದಮ್ಮಯ್ಯ. ಅಕ್ಕ ಬರ್ತಾ ಇದ್ದಾಳೆ ಅಂತಲೇ ಇರಲಿ. ನಿಮ್ಮ ಬೆರಳು ಅಲ್ಲೇ ಇಡಿ."

"ನಂಗೆ ಸುಳ್ಳು ಹೇಳ್ಲಿಕ್ಕೆ ಬರೂದಿಲ್ಲ ಮಗೂ."

"ನೀವು ಏನೂ ಹೇಳೋದು ಬೇಡ. ಬೆರಳು ಇಟ್ಟರೆ ಸಾಕು."

ಅವರು ನನ್ನನ್ನು ನೋಡಿದರು. ನಾನು ಅವರ ಕ್ಲಾಸಿನಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ದಿನವೂ ಹಾಗೆ ನೋಡಿರಲಿಲ್ಲ. ಆಮೇಲೆ ಸೆರಗಿನಿಂದ ಬೆರಳು ಒರೆಸಿಕೊಂಡು ಒಳಗೆ ಹೋಗಿ, ಎಲ್ಲಿಂದ ಎತ್ತಿದ್ದರೋ ಅಲ್ಲಿಗೇ, ಮೂರನೇ ಗಂಟಿನ ಮೇಲೆ ಬೆರಳಿಟ್ಟರು.

"ಕೂಸು ಎಲ್ಲಿಗೆ ಬಂತು?" ಎಂದಳು ಆಯಿ.

"ಇಲ್ಲೇ" ಎಂದರು ಅಕ್ಕೋರು. "ಸಮುದ್ರದ ಮೇಲೆ."

ಅಲ್ಲಿಂದ ವಿಮಾನ ನಿಧಾನವಾಯಿತು. ಗಂಟಿಗೆ ಒಂದೂಕಾಲು ತಾಸು ಎಂಬ ಲೆಕ್ಕವನ್ನು ಅಷ್ಟು ವರ್ಷ ಒಂದು ನಿಮಿಷ ಬಿಡದೆ ಹಿಡಿದವರು ಆ ಮಧ್ಯಾಹ್ನ ಒಂದು ಗಂಟನ್ನು ದಾಟಲಿಕ್ಕೆ ಮೂರು ತಾಸು ತೆಗೆದುಕೊಂಡರು. ಎರಡು ಗಂಟೆ ಆಯಿತು, ಮೂರು ಆಯಿತು. ಬೆರಳು ಕೂದಲೆಳೆಯಷ್ಟು ಸರಿಯುತ್ತಿತ್ತು. ಉಗುರು ಒತ್ತಿ ಬೆಳ್ಳಗಾಗಿತ್ತು. ಊಟ ಮಾಡಲಿಲ್ಲ, ನೀರು ಕೇಳಲಿಲ್ಲ. ನಾನು ಗಡಿಯಾರಕ್ಕೆ ಬೆನ್ನು ಹಾಕಿ ನಿಂತಿದ್ದೆ.

ಆಯಿಗೆ ಗಡಿಯಾರ ಓದಲು ಬರುತ್ತಿರಲಿಲ್ಲ, ಆದರೆ ಕಿಟಕಿಯ ಬಿಸಿಲು ಗೋಡೆಯ ಯಾವ ಎತ್ತರಕ್ಕೆ ಬಂದರೆ ಎಷ್ಟು ಹೊತ್ತು ಎಂಬುದು ಚೆನ್ನಾಗಿ ತಿಳಿಯುತ್ತಿತ್ತು. ನಾಲ್ಕರ ಸುಮಾರಿಗೆ ಒಮ್ಮೆ ಕಣ್ಣು ತೆರೆದು ಬಿಸಿಲು ನೋಡಿದಳು, ಅಕ್ಕೋರ ಬೆರಳು ನೋಡಿದಳು.

"ಎಂತಕ್ಕೆ ಇಷ್ಟು ನಿಧಾನ? ಎದ್ರು ಗಾಳಿ ಇದ್ದಾ ಅಕ್ಕೋರೆ?"

ಅಕ್ಕೋರು ನನ್ನ ಕಡೆ ನೋಡಲಿಲ್ಲ. "ಹೌದು. ಎದುರು ಗಾಳಿ."

"ಹಂಗಾರೆ ಅಡ್ಡಿಲ್ಲೆ" ಎಂದಳು ಆಯಿ. "ನಿಧಾನಕ್ಕೇ ಬರ್ಲಿ."

ಐದಕ್ಕೆ ಇನ್ನೂ ಸ್ವಲ್ಪ ಇದ್ದಾಗ ಆಯಿ ಹೋದಳು. ಹೆಬ್ಬೆರಳು ಮುಂಬಯಿಯ ಮೇಲೆಯೇ ಇತ್ತು. ಅಕ್ಕೋರ ಬೆರಳು ನಾಲ್ಕನೇ ಗಂಟಿನ ಮೇಲೆ. ನಡುವೆ ಎರಡು ಗಂಟು ಬಾಕಿ.

ಅವರು ಮೇಣ ಬಿಡಿಸಿ ಗ್ಲೋಬನ್ನು ಮಾತ್ರ ತೆಗೆದುಕೊಂಡರು. ದಾರವನ್ನು ಆಯಿಯ ಬೆರಳಿನಿಂದ ಬಿಚ್ಚಲಿಲ್ಲ. ಭಟ್ಟರು, "ಇದೆಂತ ದಾರ?" ಎಂದು ಕೇಳಿದಾಗ ನಮ್ಮನೆಯವರು, "ಇರ್ಲಿ ಬಿಡಿ" ಎಂದರು. ಅದು ಆಯಿಯ ಜೊತೆ ಹೋಯಿತು.

ಅಕ್ಕ ಬಂದದ್ದು ಶುಕ್ರವಾರ. ಖಾಲಿ ಮಂಚ ನೋಡಿ ಅವಳು ಅತ್ತ ಪರಿಯನ್ನು ಬರೆಯುವುದು ಬೇಡ. ಮಂಗಳವಾರದ ಕಥೆ ಅವಳಿಗೆ ಹೇಗೋ ಹೇಗೋ ತಲುಪಿತು, ಒಬ್ಬರು ಅರ್ಧ, ಇನ್ನೊಬ್ಬರು ಅರ್ಧ. ಹದಿಮೂರನೆಯ ದಿನ ಅಕ್ಕೋರು ಬಂದು ಅಂಗಳದ ಚಪ್ಪರದಡಿ ನಿಂತಿದ್ದರು. ಅಕ್ಕ ನೆಟ್ಟಗೆ ಅವರ ಎದುರಿಗೆ ಹೋದಳು.

"ಆನು ನೈರೋಬಿಲಿ ಇದ್ದಿದ್ದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಆದ್ರೂ ಸಮುದ್ರದ ಮೇಲೆ ಇದ್ದು ಹೇಳಿ ಹೇಳಿದ್ರಾ?"

"ಹೌದು ಮಗೂ. ಹೇಳಿದೆ."

"ಗುರುವಾರ ಹೇಳಿ ಗೊತ್ತಾಗಿದ್ರೆ ಆಯಿ ಗುರುವಾರದವರೆಗೆ ಜೀವ ಹಿಡ್ಕಂಡು ಇರ್ತಿತ್ತು. ಯಂಗೆ ಗೊತ್ತಿದ್ದು ಆಯಿ ಎಂಥವಳು ಹೇಳಿ. ಕಾಯವು ಹೇಳಿ ಹೇಳ್ಕಳಿಸಿದ್ದೆ ಆನು. ಯನ್ನ ಮಾತು ಆಯಿಗೆ ಮುಟ್ಟಲೇ ಇಲ್ಲೆ."

ನಾನು ಪಾಯಸದ ಪಾತ್ರೆ ಹಿಡಿದು ಮೂರು ಮೊಳ ದೂರದಲ್ಲಿ ನಿಂತಿದ್ದೆ. ಆ ಮಾತನ್ನು ಮುಟ್ಟಿಸದೆ ಇದ್ದವಳು ನಾನು. ಬೆರಳು ಇಡಿ ಎಂದವಳು ನಾನು. ಅಕ್ಕೋರು ಒಮ್ಮೆ ನನ್ನ ಕಡೆ ನೋಡಿದರೆ ಸಾಕಿತ್ತು, ಎಲ್ಲ ಹೊರಗೆ ಬರುತ್ತಿತ್ತು. ಅವರು ನೋಡಲಿಲ್ಲ. "ತಪ್ಪಾಯ್ತು" ಎಂದರು, ಅಷ್ಟೇ. ಊಟ ಮಾಡದೆ ಹೋದರು. ಅಕ್ಕ ಆಮೇಲೆ ಊರಿಗೆ ಎರಡು ಮೂರು ಸಲ ಬಂದಳು. ದಾರಿಯಲ್ಲಿ ಅಕ್ಕೋರು ಎದುರಾದರೆ ಬೇರೆ ಕಡೆ ನೋಡಿಕೊಂಡು ಹೋಗುತ್ತಿದ್ದಳು.

ಅಕ್ಕೋರು ಹೊಸ ದಾರ ಮಾಡಿಕೊಳ್ಳಲಿಲ್ಲ. ಕ್ಲಾಸಿನಲ್ಲಿ ಗ್ಲೋಬು ತಿರುಗಿಸುತ್ತಿದ್ದರಂತೆ, ಅಳೆಯುತ್ತಿರಲಿಲ್ಲ. ಶನಿವಾರದ ಹೆಂಗಸರಿಗೆ, "ಹುಬ್ಬಳ್ಳಿಯ ಟ್ರಾವೆಲ್ಸಿನವರನ್ನ ಕೇಳಿ. ಅವರಿಗೆ ಯಾವ ವಾರ ಹೋಗ್ತದೆ, ಎಲ್ಲಿ ನಿಲ್ತದೆ ಎಲ್ಲ ಗೊತ್ತಿರ್ತದೆ. ನಂಗೆ ಗೊತ್ತಿದ್ದದ್ದು ಬರೀ ದೂರ" ಎನ್ನುತ್ತಿದ್ದರು. ಕ್ರಮೇಣ ಜಗಲಿಯ ಚಪ್ಪಲಿಗಳು ಕಡಿಮೆಯಾದವು. ನಮ್ಮ ಮನೆಗೆ ಮಾತ್ರ ಬರುವುದು ಬಿಡಲಿಲ್ಲ. ನಾನು ಒಳಗೆ ಕರೆದರೂ ಬೆಂಚಿನ ಮೇಲೆಯೇ ಕೂರುತ್ತಿದ್ದರು. "ಕರೆದವರು ಕರೆದ ದಿನ ಬಂದಾಯ್ತಲ್ಲ" ಎಂದು ಒಮ್ಮೆ ಹೇಳಿದರು. ಗೂಡಿನ ಲೋಟವನ್ನು ನಾನು ಎಂದೋ ತೆಗೆದುಹಾಕಿದ್ದೆ. ಅವರು ಯಾವ ಲೋಟದಲ್ಲಿ ಕೊಟ್ಟರೂ ಕುಡಿದು, ತೊಳೆದು, ಅದೇ ಗೂಡಿನಲ್ಲಿ ಇಟ್ಟು ಹೋಗುತ್ತಿದ್ದರು.

ಹೋಗುವಾಗ ಮೆಟ್ಟಿಲಲ್ಲಿ ನಿಂತು ತಪ್ಪದೆ ಕೇಳುವ ಮಾತು ಒಂದೇ. "ಅಕ್ಕ ಕ್ಷೇಮವಾ?"

ಒಂದು ಸಲ ತಡೆಯಲಾರದೆ ಹೇಳಿದೆ, ಅವರು ನಿವೃತ್ತರಾದ ವರ್ಷ. "ಅಕ್ಕೋರೆ, ಅಕ್ಕಂಗೆ ನಾನು ಎಲ್ಲಾ ಹೇಳಿಬಿಡ್ತೇನೆ. ನಿಮ್ಮ ಮೇಲೆ ಸುಮ್ಮನೆ..."

"ಬೇಡ." ಕ್ಲಾಸಿನ ದನಿ. ಆಮೇಲೆ ಮೆತ್ತಗೆ, "ಆಯಿ ಹೋದ್ರು. ನಿಮಗೆ ಇನ್ನು ನೀವಿಬ್ರೇ ಇರೂದು. ನನ್ನ ಮೇಲೆ ಸಿಟ್ಟಿದ್ದವರು ಎಲ್ಲೋ ಒಬ್ರು ಇದ್ರೆ ನಂಗೇನು ಭಾರ? ಬೆರಳು ಇಟ್ಟದ್ದು ನಾನಲ್ವಾ."

ನನಗೆ ಒಳಗೊಳಗೇ ಹಾಯೆನಿಸಿತು. ಅದನ್ನು ನಾನು ಮರೆತಿಲ್ಲ. ಅವರು ಬೇಡ ಎಂದರು ಎಂಬುದನ್ನೇ ಹಿಡಿದುಕೊಂಡು ಮತ್ತೆ ಏಳೆಂಟು ವರ್ಷ ಕಳೆದೆ.

ಊರಿಗೆ ಕಂಪ್ಯೂಟರ್ ಅಂಗಡಿ ಬಂದ ಮೇಲೆ ನಮ್ಮನೆಯವರು ಒಂದು ದಿನ ಅಲ್ಲಿಂದ ಒಂದು ಹಾಳೆ ಅಚ್ಚು ಹಾಕಿಸಿ ತಂದರು. ಎರಡು ಊರಿನ ಹೆಸರು ಹಾಕಿದರೆ ವಿಮಾನದ ದೂರ, ಹೊತ್ತು ಎಲ್ಲ ಅದೇ ಹೇಳುತ್ತದಂತೆ. ಲುಸಾಕಾ, ಮುಂಬಯಿ. ಆರು ಸಾವಿರದ ಇನ್ನೂರರ ಆಸುಪಾಸು, ಎಂಟು ತಾಸಿನ ಮೇಲೆ ಸ್ವಲ್ಪ. ಅಕ್ಕೋರಿಗೆ ತೋರಿಸಿದೆ. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಓದಿದರು. ಸವೆದ ಉಗುರಿನಿಂದ ಅಂಕಿಯ ಕೆಳಗೆ ಗೀರಿದರು.

"ದೂರ ಸರಿಯಿತ್ತಲ್ಲ" ಎಂದರು. ಹಾಳೆ ಮಡಚಿ ನನ್ನ ಕೈಗೇ ಕೊಟ್ಟರು. ಆ ದಿನ ಅವರು ಬಹಳ ದಣಿದ ಹಾಗೆ ಕಂಡರು.

ಅವರು ಹೋದ ದಿನ ಹೂ ಕಟ್ಟಿ ಮುಗಿಸಿ ನಾನು ಗಡಿಯಾರ ನೋಡಿದೆ. ಹನ್ನೊಂದೂವರೆ. ಅವರು ಕಲಿಸಿದಂತೆ ಮೂರೂವರೆ ಕಳೆದೆ. ಲುಸಾಕಾದಲ್ಲಿ ಎಂಟು. ಅಕ್ಕ ಎದ್ದಿರುತ್ತಾಳೆ. ಈಗ ನಮ್ಮದೇ ಫೋನು, ಕಡಿಯದ ಲೈನು. ಅಕ್ಕೋರು ಹೋದರು ಎಂದೆ. "ಹೌದಾ" ಎಂದಳು ಅಕ್ಕ, ಅಷ್ಟೇ. ಆಮೇಲೆ ಉಳಿದದ್ದನ್ನು ಹೇಳಿದೆ. ನೈರೋಬಿಯಿಂದ ನೀನು ಹೇಳಿದ ಮಾತನ್ನು ಆಯಿಗೆ ಹೇಳದೆ ಇದ್ದವಳು ನಾನು. ತಿದ್ದುತ್ತೇನೆ ಎಂದು ಎದ್ದವರ ಕೈ ಹಿಡಿದು ಕೂರಿಸಿದವಳು ನಾನು. ಎಷ್ಟು ಹೊತ್ತು ಹೇಳಿದೆನೋ.

ಕೊನೆಗೆ ಅಕ್ಕ ಹೇಳಿದಳು, "ಈಗ ಹೇಳೂದಾ ಇದನ್ನ? ಅಕ್ಕೋರು ಇದ್ದಾಗ ಹೇಳಕಾಗಿತ್ತು ತಂಗಿ." ಸಿಟ್ಟಿನ ದನಿಯಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಆಮೇಲೆ, "ಆನು ಆ ಕಡೆ ಮುಖ ಮಾಡ್ಕಂಡು ಹೋಗ್ತಿದ್ದಾಗ ಅವು ಎಂತ ಮಾಡ್ತಿದ್ದೊ ನಿಂಗೆ ಗೊತ್ತಿದ್ದಾ?" ಎಂದು ಕೇಳಿದಳು.

"ಇಲ್ಲೆ."

"ನಿಲ್ತಿದ್ದೊ. ಆನು ಓಣಿ ದಾಟೂವರೆಗೂ ಅಲ್ಲೇ ನಿಂತ್ಕತ್ತಿದ್ದೊ." ಫೋನು ಇಟ್ಟಳು.

ನಾಲ್ಕಕ್ಕೆ ಮಣ್ಣಾಯಿತು. ಚರ್ಚಿನ ಹಿಂದಿನ ಜಾಗದಲ್ಲಿ, ಹಳೆಯ ವಿದ್ಯಾರ್ಥಿಗಳು ಹತ್ತು ಹದಿನೈದು ಮಂದಿ, ಸಿಸ್ಟರುಗಳು, ಯಲ್ಲಾಪುರದಿಂದ ಬಂದ ಒಬ್ಬ ಹೆಂಗಸು. ಚಳಿ ಕಳೆದು ಗಾಳಿ ಏಳುವ ದಿನಗಳು. ಹಿಡಿದ ಮೇಣದಬತ್ತಿಗಳು ಒಂದೂ ನಿಲ್ಲಲಿಲ್ಲ. ಪೆಟ್ಟಿಗೆ ಮುಚ್ಚುವ ಮೊದಲು ಹೂ ಇಡಲು ಹೋದೆ. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು, ಬೆರಳುಗಳ ನಡುವೆ ಜಪಮಾಲೆ. ಆ ಉಗುರು ಮೇಲೆಯೇ ಕಾಣುತ್ತಿತ್ತು. ಅಬ್ಬಲಿಗೆಯ ಮಾಲೆಯ ತುದಿಯನ್ನು ಅದರ ಅಡಿಗೆ ಸಿಕ್ಕಿಸಿದೆ. ಗಂಟು ಎಷ್ಟಿತ್ತೋ, ಎಣಿಸಿರಲಿಲ್ಲ.

ಮನೆಗೆ ಬಂದು, ಸ್ನಾನ ಮಾಡಿ, ಜಗಲಿಯ ಬೆಂಚಿನ ಮೇಲೆ ಕೂತೆ. ಅಡುಗೆಗೆ ಏಳಬೇಕಿತ್ತು. ಗೂಡಿನಲ್ಲಿ ಹೋದ ಶನಿವಾರ ಅವರು ತೊಳೆದಿಟ್ಟ ಲೋಟ ಬೋರಲಾಗಿಯೇ ಇತ್ತು. ಬೇಲಿಯ ಬಾಗಿಲಿನ ದಣಪೆ ಸರಿಸಿದ ಸದ್ದಾಯಿತು. ಆಚೆಮನೆ ಅತ್ತಿಗೆ, ಎರಡು ಕೈಯಲ್ಲಿ ಸಂತೆಯ ಚೀಲ, ತಲೆಕೂದಲೆಲ್ಲ ಕೆದರಿ, ಏದುಸಿರು ಬಿಡುತ್ತ ಬರುತ್ತಿದ್ದರು. ಬನವಾಸಿಯಲ್ಲಿ ತಮ್ಮನ ಮನೆಗೆ ಹೋಗಿದ್ದವರು, ಊರಿನ ಸುದ್ದಿ ಇನ್ನೂ ಅವರಿಗೆ ತಿಳಿದಿರಲಿಲ್ಲ. ನನ್ನನ್ನು ಕಂಡು ಚೀಲ ಕೆಳಗಿಟ್ಟು, ಬೇಲಿಗೆ ಒರಗಿದರು.

"ಏನ್ ಗಾಳೀರಿ ಇವತ್ತ! ಬಸ್ ಸ್ಟ್ಯಾಂಡಿಂದ ಇಲ್ಲೀ ತನಕಾ ಬರೇ ಎದುರು ಗಾಳಿ. ನಡದೇ ನಡದೆ, ಮನೀನ ಬರವಲ್ದು."